ಮೆಚ್ಚಿನ ಹತ್ತು: ಪಟ್ಟಿ ಕಟ್ಟುವುದು, ಹಂಚುವುದು, ಅದರ ಮೇಲೆ ವಾದಿಸುವುದು

ನವೆಂಬರ್ ಬಂತೆಂದರೆ ಓದುಗರ ವಾಟ್ಸ್‌ಆಪ್ ಗುಂಪುಗಳಲ್ಲಿ, ಫೇಸ್‌ಬುಕ್‌ನಲ್ಲಿ ಪಟ್ಟಿಗಳು ಓಡಾಡತೊಡಗುತ್ತವೆ: ನನ್ನ ಮೆಚ್ಚಿನ ಹತ್ತು ಕನ್ನಡ ಕಾದಂಬರಿಗಳು, ಮರೆಯಲಾಗದ ಹತ್ತು ಸಿನಿಮಾಗಳು, ಮತ್ತೆ ಮತ್ತೆ ಕೇಳುವ ಹತ್ತು ಭಾವಗೀತೆಗಳು. ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಹಲವರು ಕೈಮುಗಿದ ಚಿಹ್ನೆ ಒತ್ತುತ್ತಾರೆ, ಒಬ್ಬರು ‘ಅದನ್ನೇ ಬಿಟ್ಟಿದ್ದೀರಲ್ಲ’ ಎಂದು ಕೇಳುತ್ತಾರೆ, ಇನ್ನೊಬ್ಬರು ಕೆರಳುತ್ತಾರೆ, ಮರುದಿನದ ಹೊತ್ತಿಗೆ ಎಲ್ಲವೂ ಮೇಲಕ್ಕೆ ಸರಿದುಹೋಗಿರುತ್ತದೆ. ಇಷ್ಟೊಂದು ಜನರ ಎಷ್ಟೋ ವರ್ಷಗಳ ಓದು ಮತ್ತು ಕೇಳ್ಮೆ ಒಂದೆಡೆ ಸೇರಿಯೂ ಯಾರಿಗೂ ಹೊಸದೇನೂ ದಕ್ಕದೆ ಹೋಗುವುದು ದೊಡ್ಡ ನಷ್ಟ. ಇದಕ್ಕೆ ಕಾರಣ ಅಭಿರುಚಿಯ ಭೇದವಲ್ಲ. ಪಟ್ಟಿಯಲ್ಲಿ ಹೆಸರುಗಳಿರುತ್ತವೆ, ಆದರೆ ಯಾವ ಕೃತಿಗಳ ನಡುವೆ ಸ್ಪರ್ಧೆ ನಡೆಯಿತು, ಯಾವ ಆಧಾರದ ಮೇಲೆ ಒಂದು ಮೇಲೆ ನಿಂತು ಇನ್ನೊಂದು ಹೊರಗುಳಿಯಿತು ಎಂಬುದು ಇರುವುದಿಲ್ಲ. ಅಷ್ಟನ್ನು ಸೇರಿಸಿದರೆ ಅದೇ ಪಟ್ಟಿ ಓದುವವರಿಗೆ ಉಪಯೋಗಕ್ಕೆ ಬರುತ್ತದೆ, ಅದರ ಮೇಲಿನ ವಾದಕ್ಕೂ ಒಂದು ನೆಲೆ ಸಿಗುತ್ತದೆ. ಅದನ್ನು ಹೇಗೆ ಮಾಡುವುದು ಎಂಬುದನ್ನು ಕನ್ನಡದ ಕಾದಂಬರಿ, ಸಿನಿಮಾ ಮತ್ತು ಹಾಡುಗಳ ಉದಾಹರಣೆಯಲ್ಲೇ ಇಲ್ಲಿ ವಿವರಿಸಿದ್ದೇನೆ.

ಮೊದಲು ಗಡಿ ಗುರುತಿಸಿ

ಹೆಸರು ಬರೆಯುವ ಮೊದಲು ಪ್ರಶ್ನೆಯನ್ನು ಪೂರ್ತಿ ವಾಕ್ಯದಲ್ಲಿ ಬರೆದುಕೊಳ್ಳಿ. ‘ಕನ್ನಡದ ಶ್ರೇಷ್ಠ ಸಿನಿಮಾಗಳು’ ಎಂಬುದು ಪ್ರಶ್ನೆಯೇ ಅಲ್ಲ. ‘ನಾನು ಆರಂಭದಿಂದ ಕೊನೆಯವರೆಗೆ ನೋಡಿರುವ ಕನ್ನಡ ಚಿತ್ರಗಳಲ್ಲಿ ಇಂದು ಮತ್ತೆ ನೋಡಲು ಮನಸ್ಸಾಗುವ ಹತ್ತು’ ಎಂಬುದು ಪ್ರಶ್ನೆ. ‘ಕನ್ನಡ ಚಿತ್ರರಂಗದ ದಾರಿಯನ್ನು ಬದಲಿಸಿದವು ಎಂದು ನಾನು ಭಾವಿಸುವ ಹತ್ತು’ ಎಂಬುದು ಅದಕ್ಕಿಂತ ಬೇರೆಯಾದ ಇನ್ನೊಂದು ಪ್ರಶ್ನೆ. ಇವೆರಡಕ್ಕೂ ಒಬ್ಬರೇ ಉತ್ತರಿಸಿದರೂ ಎರಡು ಪಟ್ಟಿಗಳು ಒಂದೇ ಆಗಿರಬೇಕಾಗಿಲ್ಲ. ಜಗಳವಾಡುವ ಇಬ್ಬರು ಎಷ್ಟೋ ಸಲ ಈ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಒಂದೇ ಪ್ರಶ್ನೆಗೆ ಉತ್ತರಿಸಿದ್ದೇವೆ ಎಂದುಕೊಂಡಿರುತ್ತಾರೆ.

ಸಿನಿಮಾದಲ್ಲಿ ಮೊದಲು ಎದುರಾಗುವ ಗೊಂದಲ ಕಲಾತ್ಮಕ ಚಿತ್ರ ಮತ್ತು ಜನಪ್ರಿಯ ಚಿತ್ರ ಎಂಬ ವಿಂಗಡಣೆ. ಅತ್ಯುತ್ತಮ ಚಲನಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಪಡೆದ ಕನ್ನಡ ಚಿತ್ರಗಳಲ್ಲಿ 1970ರ ‘ಸಂಸ್ಕಾರ’ ಮೊದಲನೆಯದು. ಆಮೇಲೆ ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ಗೌರವ ಪಡೆದವು. ಇನ್ನೊಂದು ಕಡೆ 1972ರ ‘ಬಂಗಾರದ ಮನುಷ್ಯ’ದಂತಹ, ಊರೂರಿನ ಜನ ತಲೆಮಾರುಗಳ ಕಾಲ ನೆನಪಿಟ್ಟುಕೊಂಡ ಚಿತ್ರಗಳಿವೆ. ಇವನ್ನು ಬೇರೆ ಬೇರೆ ಪಟ್ಟಿಗೆ ಹಾಕಿದರೆ ತಂಟೆಯಿಲ್ಲ ಎಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಂದೇ ಪಟ್ಟಿಯೇ ಒಳ್ಳೆಯದು. ಬೇರೆ ಮಾಡಿದ ಕೂಡಲೇ ನಿಜವಾಗಿ ಕುತೂಹಲಕರವಾದ ಪ್ರಶ್ನೆ, ಅಂದರೆ ಕೋಟಿ ಜನರ ಮನಸ್ಸಿನಲ್ಲಿ ಉಳಿಯುವ ಶಕ್ತಿಯನ್ನೂ ಕಟ್ಟಿನ ಬಿಗಿಯನ್ನೂ ಒಂದರ ಎದುರಿಗೆ ಇನ್ನೊಂದನ್ನಿಟ್ಟು ಹೇಗೆ ತೂಗುವುದು ಎಂಬ ಪ್ರಶ್ನೆ, ಏಳುವುದೇ ಇಲ್ಲ. ಒಂದೇ ಪಟ್ಟಿಯಲ್ಲಿಟ್ಟು, ನೀವು ಯಾವುದಕ್ಕೆ ಹೆಚ್ಚು ತೂಕ ಕೊಟ್ಟಿದ್ದೀರಿ ಎಂದು ಮೊದಲೇ ಹೇಳಿಬಿಡಿ.

ಎರಡನೆಯ ಗೊಂದಲ ಮೂಲ ಕೃತಿಯದು. ಕನ್ನಡದ ಹೆಸರಾಂತ ಚಿತ್ರಗಳಲ್ಲಿ ಬಹಳಷ್ಟು ಕಾದಂಬರಿಗಳನ್ನು ಆಧರಿಸಿದವು. 1972ರ ‘ನಾಗರಹಾವು’ ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ಚಿತ್ರಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ಕೊಟ್ಟಾಗ ‘ಕಾದಂಬರಿಯಲ್ಲಿ ಹೀಗಿರಲಿಲ್ಲ’ ಎಂಬ ಆಕ್ಷೇಪ ತಪ್ಪದೆ ಬರುತ್ತದೆ. ಅದು ಮುಖ್ಯವಾದ ವಿಷಯವೇ, ಆದರೆ ಬೇರೆ ವಿಷಯ. ಪಟ್ಟಿಯ ತಲೆಬರಹದಲ್ಲೇ ‘ಚಿತ್ರವನ್ನು ಚಿತ್ರವಾಗಿಯೇ ನೋಡಿದ್ದೇನೆ’ ಎಂದು ಒಂದು ಸಾಲು ಬರೆದರೆ ಆ ಚರ್ಚೆಯನ್ನು ಪ್ರತ್ಯೇಕವಾಗಿ ನಡೆಸಲು ಅನುಕೂಲವಾಗುತ್ತದೆ.

ಗಡಿಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಕಡೆಗಣಿಸಬಾರದು. ನಮ್ಮ ಮೆಚ್ಚುಗೆ ನಮಗೆ ಸಿಕ್ಕಿದ್ದರ ಮೇಲೆ ನಿಂತಿರುತ್ತದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲವಾದ್ದರಿಂದ ಇಂದಿನ ಯಾರ ಪಟ್ಟಿಯಲ್ಲೂ ಅದು ಬರುವಂತಿಲ್ಲ. ‘ಘಟಶ್ರಾದ್ಧ’ವನ್ನು ಪುನಶ್ಚೇತನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಮೇಲೆ ಅದನ್ನು ಸ್ವಚ್ಛವಾದ ಪ್ರತಿಯಲ್ಲಿ ನೋಡುವ ಅವಕಾಶ ಹೊಸಬರಿಗೆ ತೆರೆದುಕೊಂಡಿದೆ, ಅಲ್ಲಿಯವರೆಗೆ ಮಸುಕಾದ ಪ್ರತಿಯನ್ನು ನೋಡಿ ಅಂದಾಜು ಮಾಡಿದವರ ತೀರ್ಪು ಬೇರೆ, ಇನ್ನು ಮುಂದೆ ನೋಡುವವರ ತೀರ್ಪು ಬೇರೆ ಆಗಬಹುದು. ಒಟಿಟಿಯಲ್ಲಿ ಸಿಗುವ ಚಿತ್ರಗಳನ್ನು ಮಾತ್ರ ನೋಡಿದ್ದರೆ ಹಾಗೆಂದು ಬರೆಯಿರಿ. ತುಣುಕುಗಳನ್ನು, ಹಾಡುಗಳನ್ನು ಮಾತ್ರ ನೋಡಿರುವ ಚಿತ್ರವನ್ನೂ, ಅರ್ಧಕ್ಕೆ ನಿಲ್ಲಿಸಿದ ಕಾದಂಬರಿಯನ್ನೂ, ಎಷ್ಟೇ ಹೆಸರಾಗಿದ್ದರೂ, ಪಟ್ಟಿಗೆ ಸೇರಿಸಬೇಡಿ.

ಹಾಡಿನ ಪಟ್ಟಿಯ ವಿಶೇಷ ಕಷ್ಟ

ಪುಸ್ತಕ ಮತ್ತು ಸಿನಿಮಾಗಳಿಗಿಂತ ಹಾಡುಗಳ ಪಟ್ಟಿ ಹೆಚ್ಚು ಎಚ್ಚರವನ್ನು ಬೇಡುತ್ತದೆ, ಏಕೆಂದರೆ ಹಾಡಿನ ವಿಷಯದಲ್ಲಿ ನಾವು ಯಾವುದಕ್ಕೆ ಸ್ಥಾನ ಕೊಡುತ್ತಿದ್ದೇವೆ ಎಂಬುದೇ ಸ್ಪಷ್ಟವಿರುವುದಿಲ್ಲ. ಭಾವಗೀತೆಯೊಂದರಲ್ಲಿ ಕವಿತೆ ಇದೆ, ಅದಕ್ಕೆ ಒಬ್ಬರು ಹಾಕಿದ ರಾಗಸಂಯೋಜನೆ ಇದೆ, ಹಾಡಿದವರ ದನಿ ಇದೆ, ಒಂದು ನಿರ್ದಿಷ್ಟ ದಿನ ಮಾಡಿದ ಧ್ವನಿಮುದ್ರಣವೂ ಇದೆ. ಕವಿತೆ ನೂರಾರು ಸಲ ಓದಿಸಿಕೊಂಡಿರಬಹುದು, ಧಾಟಿ ಸಾಧಾರಣವಾಗಿರಬಹುದು. ಧಾಟಿ ಅಪೂರ್ವವಾಗಿದ್ದು ಸಾಲುಗಳು ಸಪ್ಪೆಯಾಗಿರಬಹುದು. ‘ಈ ಹಾಡು ನನಗೆ ಮೂರನೆಯದು’ ಎಂದರೆ ಇವುಗಳಲ್ಲಿ ಯಾವುದು ಮೂರನೆಯದು?

ಈ ಭೇದ ಎಷ್ಟು ದೊಡ್ಡದೆಂಬುದಕ್ಕೆ ನಾಡಗೀತೆಯೇ ಸಾಕ್ಷಿ. ಕುವೆಂಪು ಅವರ ಸಾಲುಗಳು ಅವೇ ಆಗಿದ್ದರೂ ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು, ಮೈಸೂರು ಅನಂತಸ್ವಾಮಿ ಅವರದರಲ್ಲೋ ಸಿ. ಅಶ್ವಥ್ ಅವರದರಲ್ಲೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಸಂಯೋಜನೆಯನ್ನು ಆಯ್ದು, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ಆದೇಶ ಅಧಿಕೃತ ಬಳಕೆಯ ಪ್ರಶ್ನೆಯನ್ನು ತೀರ್ಮಾನಿಸಿತು. ಯಾರ ಕಿವಿಗೆ ಯಾವುದು ಹಿತ ಎಂಬುದನ್ನು ತೀರ್ಮಾನಿಸಲಿಲ್ಲ, ತೀರ್ಮಾನಿಸಬೇಕಾಗಿಯೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಒಂದೇ ಕವಿತೆಯ ಎರಡು ಸಂಯೋಜನೆಗಳು ಎರಡು ಬೇರೆ ಸ್ಥಾನಗಳಲ್ಲಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ.

ಆದ್ದರಿಂದ ಹಾಡಿನ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಕವಿ, ಸಂಯೋಜಕ, ಗಾಯಕ ಮತ್ತು ಸಾಧ್ಯವಾದರೆ ಧ್ವನಿಮುದ್ರಣದ ವರ್ಷ, ಈ ನಾಲ್ಕನ್ನೂ ಬರೆಯಿರಿ. ಚಿತ್ರಗೀತೆಯಾದರೆ ಚಿತ್ರದ ಹೆಸರನ್ನೂ ಸೇರಿಸಿ. ಆನ್‌ಲೈನ್ ಸಂಗೀತ ಆ್ಯಪ್‌ಗಳು ಗಾಯಕರ ಹೆಸರನ್ನು ಎದ್ದುಕಾಣುವಂತೆ ಹಾಕಿ ಕವಿಯ ಹೆಸರನ್ನು ಬಿಟ್ಟುಬಿಡುವುದು ಸಾಮಾನ್ಯವಾದ್ದರಿಂದ ಅವುಗಳನ್ನಷ್ಟೇ ನಂಬಬೇಡಿ. ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಅವುಗಳ ಹೊದಿಕೆಯನ್ನು ನೋಡಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಸುಗಮ ಸಂಗೀತ ಮನೆಮನೆಗೆ ತಲುಪಿದ ರೀತಿಯನ್ನು ಬಲ್ಲ ಹಿರಿಯರು ನಿಮ್ಮ ಗುಂಪಿನಲ್ಲಿಯೇ ಇರುತ್ತಾರೆ. ಯಾವ ಹಾಡನ್ನು ಯಾರು ಮೊದಲು ಹಾಡಿದ್ದು ಎಂಬ ಬಗ್ಗೆ ಅವರನ್ನು ಕೇಳಿದರೆ ಪಟ್ಟಿಯೂ ಸರಿಯಾಗುತ್ತದೆ, ಮಾತಿಗೂ ಒಳ್ಳೆಯ ಆರಂಭ ಸಿಗುತ್ತದೆ.

ಹಿಂದೂಸ್ತಾನಿ ಸಂಗೀತದ ಪಟ್ಟಿ ಮಾಡುವವರಿಗೆ ಇನ್ನೂ ಒಂದು ಮಾತು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಧ್ವನಿಮುದ್ರಣಗಳು 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿವೆ. ಅಂತಹ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಅದೇ ರಾಗವನ್ನು ಅವರೇ ಕಛೇರಿಯಲ್ಲಿ ಮುಕ್ಕಾಲು ಗಂಟೆ ಹಾಡಿರುವ ಧ್ವನಿಮುದ್ರಣವನ್ನು ಇದರ ಪಕ್ಕದಲ್ಲಿಟ್ಟು ‘ಇದರಲ್ಲಿ ಬೆಳವಣಿಗೆ ಹೆಚ್ಚು’ ಎನ್ನುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಬೆಳೆಸಲು ಅಲ್ಲಿ ಜಾಗವೇ ಇರಲಿಲ್ಲ. ತಟ್ಟೆಗಳನ್ನು ತಟ್ಟೆಗಳ ಜೊತೆ, ಕಛೇರಿಗಳನ್ನು ಕಛೇರಿಗಳ ಜೊತೆ ಹೋಲಿಸಿ. ಮೂರೇ ನಿಮಿಷದಲ್ಲಿ ರಾಗದ ಮುಖವನ್ನು ತೋರಿಸಿಬಿಡುವ ಆ ಹಿರಿಯರ ಕೌಶಲವನ್ನು ಅದರ ಅಳತೆಯಲ್ಲೇ ಮೆಚ್ಚಲು ಹಾಗೆ ಮಾಡಿದಾಗ ಮಾತ್ರ ಸಾಧ್ಯ.

ಕ್ರಮಕ್ಕೆ ತರುವ ವಿಧಾನ

ನೇರವಾಗಿ ಹತ್ತು ಹೆಸರು ಬರೆಯಲು ಕೂರಬೇಡಿ. ಮೊದಲು ಮೂವತ್ತು ಹೆಸರುಗಳ ಕರಡು ಪಟ್ಟಿ ಮಾಡಿ. ಪುಸ್ತಕದ ಕಪಾಟು, ಹಳೆಯ ದಿನಚರಿ, ಗ್ರಂಥಾಲಯದಿಂದ ತಂದವುಗಳ ನೆನಪು, ಇವನ್ನೆಲ್ಲ ಜಾಲಾಡಿ, ಏಕೆಂದರೆ ನೆನಪಿಗೆ ಮೊದಲು ಬರುವುದು ಇತ್ತೀಚೆಗೆ ಓದಿದ್ದು ಅಥವಾ ಇತರರು ಸದಾ ಹೇಳುತ್ತಿರುವುದು. ಕಳೆದ ಒಂದೆರಡು ತಿಂಗಳಲ್ಲಿ ಓದಿದ ಕೃತಿಗೆ ಒಂದು ಗುರುತು ಹಾಕಿ, ಅದನ್ನು ಕೊನೆಯಲ್ಲಿ ಮತ್ತೊಮ್ಮೆ ತೂಗಿ ನೋಡಿ.

ಕ್ರಮ ನಿರ್ಧರಿಸಲು ಐದರಲ್ಲಿ ಇಷ್ಟು ಎಂದು ನಕ್ಷತ್ರ ಕೊಡುವ ಪದ್ಧತಿ ಸಾಲದು. ಓದುಗರು ಪುಸ್ತಕಗಳಿಗೆ ನಕ್ಷತ್ರ ಕೊಡುವ ಜಾಲತಾಣ ಗುಡ್‌ರೀಡ್ಸ್‌ನಲ್ಲಿ ಅರ್ಧ ನಕ್ಷತ್ರವೂ ಇಲ್ಲ. ಒಳ್ಳೆಯ ಮೂವತ್ತು ಪುಸ್ತಕಗಳಿದ್ದರೆ ಇಪ್ಪತ್ತಕ್ಕೆ ಐದು ನಕ್ಷತ್ರ ಬಿದ್ದಿರುತ್ತದೆ, ಅವುಗಳ ನಡುವಿನ ಭೇದ ಕಾಣುವುದೇ ಇಲ್ಲ. ಎರಡೆರಡನ್ನು ಎದುರುಬದುರು ಇಟ್ಟು ‘ಇವೆರಡರಲ್ಲಿ ಒಂದೇ ಉಳಿಯುವುದಾದರೆ ಯಾವುದು?’ ಎಂದು ಕೇಳಿಕೊಳ್ಳುವುದು ಇದಕ್ಕಿಂತ ಬಹಳ ಒಳ್ಳೆಯ ಕ್ರಮ. ಮೂವತ್ತು ಕೃತಿಗಳಲ್ಲಿ 435 ಜೋಡಿಗಳಾಗುತ್ತವೆ ಎಂದು ಹೆದರಬೇಕಾಗಿಲ್ಲ. ಮೊದಲ ಎರಡನ್ನು ಹೋಲಿಸಿ ಮೇಲೆ ಕೆಳಗೆ ಇಡಿ. ಆಮೇಲೆ ಬರುವ ಪ್ರತಿಯೊಂದು ಕೃತಿಯನ್ನು ಈಗಾಗಲೇ ಜೋಡಿಸಿರುವ ಸಾಲಿನ ಸರಿಯಾದ ಮಧ್ಯದಲ್ಲಿರುವುದರ ಜೊತೆ ಹೋಲಿಸಿ. ಅದು ಗೆದ್ದರೆ ಮೇಲಿನ ಅರ್ಧದ ಮಧ್ಯಕ್ಕೆ, ಸೋತರೆ ಕೆಳಗಿನ ಅರ್ಧದ ಮಧ್ಯಕ್ಕೆ ಒಯ್ದು ಮತ್ತೆ ಹೋಲಿಸುತ್ತ ಹೋದರೆ ನಾಲ್ಕೈದು ಹೋಲಿಕೆಗಳಲ್ಲಿ ಅದರ ಜಾಗ ಸಿಗುತ್ತದೆ. ಮೂವತ್ತೂ ಹೀಗೆ ಜೋಡಣೆಯಾಗಲು ಹೆಚ್ಚೆಂದರೆ 119 ಹೋಲಿಕೆಗಳು ಸಾಕು. ಹೆಸರುಗಳನ್ನು ಚಿಕ್ಕ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಜೋಡಿಸಿದರೆ ಕೆಲಸ ಇನ್ನೂ ಹಗುರ.

ಹೀಗೆ ಹೋಲಿಸುವಾಗಲೇ ನಿಮ್ಮ ಮಾನದಂಡ ನಿಮಗೆ ಗೊತ್ತಾಗುವುದು. ‘ಮಲೆಗಳಲ್ಲಿ ಮದುಮಗಳು’ ಮತ್ತು ‘ಮರಳಿ ಮಣ್ಣಿಗೆ’ ಎರಡೂ ನಿಮ್ಮ ಕರಡಿನಲ್ಲಿವೆ ಎಂದುಕೊಳ್ಳಿ. ಎರಡೂ ಒಂದೊಂದು ಸೀಮೆಯ ಬದುಕನ್ನು ಇಡಿಯಾಗಿ ಹಿಡಿಯಲು ಹೊರಟ ಕಾದಂಬರಿಗಳು. ಆದರೆ ಕುವೆಂಪು ಮಲೆನಾಡಿನ ಒಂದು ಕಾಲಘಟ್ಟದಲ್ಲಿ ನಿಂತು ಅಕ್ಕಪಕ್ಕಕ್ಕೆ ಹರಡುತ್ತ, ಗೌಡರ ಮನೆಯಿಂದ ಜೀತದಾಳಿನ ಗುಡಿಸಿಲವರೆಗೆ ಹಲವು ಕಥೆಗಳನ್ನು ಏಕಕಾಲಕ್ಕೆ ನಡೆಸುತ್ತಾರೆ. ಕಾರಂತರು ಕರಾವಳಿಯ ಒಂದೇ ಮನೆತನವನ್ನು ಹಿಡಿದು ಮೂರು ತಲೆಮಾರುಗಳ ಉದ್ದಕ್ಕೂ ಸಾಗುತ್ತಾರೆ. ಇವೆರಡರಲ್ಲಿ ಒಂದನ್ನು ಮೇಲಿಟ್ಟಾಗ ನೀವು ಹರವನ್ನು ಹೆಚ್ಚು ಮೆಚ್ಚುತ್ತೀರೋ ಕಾಲದ ನಡೆಯನ್ನು ಹೆಚ್ಚು ಮೆಚ್ಚುತ್ತೀರೋ ಎಂಬುದು ಹೊರಬೀಳುತ್ತದೆ. ಅದನ್ನು ಕೂಡಲೇ ಬರೆದಿಡಿ, ಮುಂದೆ ನೀವು ಬರೆಯಬೇಕಾದ ಕಾರಣಗಳ ಬೀಜ ಅದರಲ್ಲಿದೆ.

ಕೆಲವೊಮ್ಮೆ ಮೊದಲನೆಯದು ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ, ಮೂರನೆಯದು ಮತ್ತೆ ಮೊದಲನೆಯದಕ್ಕಿಂತ ಹೆಚ್ಚು ಇಷ್ಟವೆಂದು ತೋರಿ ಸುತ್ತಿಕೊಂಡುಬಿಡುತ್ತದೆ. ಹೀಗಾದರೆ ನಡುವೆ ಎಲ್ಲೋ ಮಾನದಂಡ ಬದಲಾಗಿದೆ ಎಂದು ತಿಳಿಯಿರಿ: ಒಂದು ಜೋಡಿಯಲ್ಲಿ ಭಾಷೆಯನ್ನು ನೋಡಿದ್ದೀರಿ, ಇನ್ನೊಂದರಲ್ಲಿ ಪಾತ್ರವನ್ನು ನೋಡಿದ್ದೀರಿ. ಮಾನದಂಡವನ್ನು ನಿಶ್ಚಯಿಸಿಕೊಂಡು ಮತ್ತೆ ಹೋಲಿಸಿ. ಆಗಲೂ ಬಿಡಿಸಲಾಗದಿದ್ದರೆ ಮೂರಕ್ಕೂ ಒಂದೇ ಸ್ಥಾನ ಕೊಡಿ. ಸಮಸ್ಥಾನ ಕೊಡುವುದು ಹಿಂಜರಿಕೆಯ ಲಕ್ಷಣವಲ್ಲ, ಅದೂ ಒಂದು ತೀರ್ಪೇ.

ಕಾರಣ ಬರೆಯುವುದು, ಹನ್ನೊಂದನೆಯದನ್ನು ಹೇಳುವುದು

ಪ್ರತಿ ಕೃತಿಗೆ ಮೂರು ನಾಲ್ಕು ವಾಕ್ಯಗಳ ಕಾರಣ ಇರಲಿ. ‘ಮನಮುಟ್ಟುವ’, ‘ಅದ್ಭುತ’, ‘ಕಾಡುವ’ ಎಂಬ ಮಾತುಗಳಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ನೀವು ಬರೆದ ವಾಕ್ಯವನ್ನು ಪಟ್ಟಿಯ ಇನ್ನೊಂದು ಕೃತಿಗೆ ಅಂಟಿಸಿ ನೋಡಿ. ಅಲ್ಲಿಯೂ ಅದು ಹೊಂದಿಕೊಂಡರೆ ಅದನ್ನು ಹೊಡೆದುಹಾಕಿ ಬೇರೆ ಬರೆಯಿರಿ. ಒಂದು ಅಧ್ಯಾಯ, ಒಂದು ದೃಶ್ಯ, ಒಂದು ಚರಣದ ಕೊನೆಯಲ್ಲಿ ದನಿ ತಿರುಗುವ ಜಾಗ, ಹೀಗೆ ಇನ್ನೊಬ್ಬರು ಹೋಗಿ ನೋಡಬಹುದಾದ, ಕೇಳಬಹುದಾದ ಸ್ಥಳವನ್ನು ತೋರಿಸಬೇಕು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಮೇಲಿಟ್ಟವರು ‘ಭಾಷೆ ಚೆನ್ನಾಗಿದೆ’ ಎಂದರೆ ಸಾಲದು. ನಂಜನಗೂಡು ಸೀಮೆಯ ಆಡುಮಾತು ಅಲ್ಲಿ ಸಂಭಾಷಣೆಗೆ ಮಾತ್ರ ಸೀಮಿತವಾಗದೆ ಕಥನವನ್ನೇ ಹೊತ್ತು ನಡೆಸುತ್ತದೆ ಎಂದು ಹೇಳಿ, ಮೊದಲ ಓದಿಗೆ ಅದು ಕಷ್ಟವೆನಿಸಿದ್ದರೆ ಅದನ್ನೂ ಸೇರಿಸಿ ಹೇಳಿದರೆ, ಓದದವರಿಗೆ ಧೈರ್ಯ ಬರುತ್ತದೆ, ಓದಿ ಬಿಟ್ಟವರಿಗೆ ಮತ್ತೆ ಕೈಗೆತ್ತಿಕೊಳ್ಳುವ ಮನಸ್ಸಾಗುತ್ತದೆ. ಕಥೆಯ ಕೊನೆಯನ್ನು ಮಾತ್ರ ಬಿಟ್ಟುಕೊಡಬೇಡಿ.

ಇನ್ನು, ಪಟ್ಟಿ ಮಾಡುವವರು ಬಹಳ ಮಟ್ಟಿಗೆ ಬಿಟ್ಟುಬಿಡುವ, ಆದರೆ ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಡುವ ಭಾಗವೊಂದಿದೆ: ಹನ್ನೊಂದನೆಯದು. ಮೊದಲ ಎರಡು ಮೂರು ಸ್ಥಾನಗಳಲ್ಲಿ ಬರುವ ಹೆಸರುಗಳು ಬಹುತೇಕ ಎಲ್ಲರಿಗೂ ಗೊತ್ತಿರುವವೇ ಆಗಿರುತ್ತವೆ. ಒಬ್ಬರ ಅಭಿರುಚಿಯ ನಿಜವಾದ ಅಂಚು ಕಾಣುವುದು ಹತ್ತರೊಳಗೆ ಕೊನೆಗೆ ಯಾವುದು ನುಸುಳಿತು, ಅದಕ್ಕಾಗಿ ಯಾವುದನ್ನು ಹೊರಗಿಡಬೇಕಾಯಿತು ಎಂಬಲ್ಲಿ. ಆದ್ದರಿಂದ ಪಟ್ಟಿಯ ಕೆಳಗೆ ಹೊರಗುಳಿದ ಎರಡು ಅಥವಾ ಮೂರು ಕೃತಿಗಳನ್ನು ಹೆಸರಿಸಿ, ಹತ್ತನೆಯದು ಅವುಗಳನ್ನು ಏಕೆ ದಾಟಿತು ಎಂದು ಬರೆಯಿರಿ. ಪಟ್ಟಿಯಲ್ಲಿ ಇದೊಂದೇ ಕಾರಣಕ್ಕೆ ಇಡೀ ಪ್ಯಾರಾ ಹಿಡಿದರೂ ಚಿಂತೆಯಿಲ್ಲ. ‘ಅದನ್ನೇ ಬಿಟ್ಟಿದ್ದೀರಲ್ಲ’ ಎಂಬ ಪ್ರಶ್ನೆಗಳಲ್ಲಿ ಬಹುಪಾಲಿಗೆ ಅಲ್ಲಿಯೇ ಉತ್ತರ ಸಿಕ್ಕಿರುತ್ತದೆ, ಆ ಉತ್ತರವನ್ನು ಒಪ್ಪದವರಿಗೂ ಹಿಡಿದು ವಾದಿಸಲು ಒಂದು ಖಚಿತವಾದ ಜಾಗ ದೊರೆಯುತ್ತದೆ.

ಹಂಚುವಾಗ

ಪಟ್ಟಿಯನ್ನು ಚಿತ್ರವಾಗಿ ಮಾಡಿ ಹಾಕದೆ ಅಕ್ಷರದಲ್ಲೇ ಹಾಕಿ. ಬಣ್ಣದ ಪೋಸ್ಟರಿನಲ್ಲಿರುವ ಹೆಸರನ್ನು ಹುಡುಕಲಾಗದು, ನಕಲು ಮಾಡಿಕೊಳ್ಳಲಾಗದು, ದೃಷ್ಟಿದೋಷವಿರುವವರ ಫೋನು ಅದನ್ನು ಓದಿಹೇಳುವುದೂ ಕಷ್ಟ. ಕೃತಿಯ ಹೆಸರಿನ ಜೊತೆ ಲೇಖಕರ ಅಥವಾ ನಿರ್ದೇಶಕರ ಹೆಸರನ್ನೂ ವರ್ಷವನ್ನೂ ಬರೆಯಿರಿ. ‘ಸಂಸ್ಕಾರ’ ಎಂದಷ್ಟೇ ಬರೆದರೆ 1965ರ ಕಾದಂಬರಿಯೋ 1970ರ ಚಿತ್ರವೋ ಎಂದು ಕೇಳುವುದರಲ್ಲೇ ಅರ್ಧ ಚರ್ಚೆ ಕಳೆದುಹೋಗುತ್ತದೆ.

ಹೊರನಾಡಿನಲ್ಲಿ, ಹೊರದೇಶದಲ್ಲಿ ಬೆಳೆದ ಕನ್ನಡಿಗರು ಅನುವಾದದಲ್ಲಿ ಓದಿದ್ದರೆ ಹಾಗೆಂದೇ ಹೇಳುವುದು ಲೇಸು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ನಲ್ಲಿರುವುದು ಬಾನು ಮುಷ್ತಾಕ್ ಅವರು ಮೂರು ದಶಕಗಳಲ್ಲಿ ಬರೆದ ಕಥೆಗಳಿಂದ ಆಯ್ದು ದೀಪಾ ಭಾಸ್ತಿ ಅನುವಾದಿಸಿದ ಹನ್ನೆರಡು ಕಥೆಗಳು. ಆ ಪುಸ್ತಕಕ್ಕೆ ಸ್ಥಾನ ಕೊಡುವುದೆಂದರೆ ಕಥೆಗಾರ್ತಿಯ ಜೊತೆಗೆ ಅನುವಾದಕಿಯ ಆಯ್ಕೆಗೂ ಭಾಷೆಗೂ ಸ್ಥಾನ ಕೊಟ್ಟಂತೆ. ಮೂಲದ ಸಂಕಲನಗಳನ್ನು ಓದಿದವರ ಅಭಿಪ್ರಾಯ ಅದಕ್ಕಿಂತ ಭಿನ್ನವಾಗಿದ್ದರೆ ಅಚ್ಚರಿಯಿಲ್ಲ.

ಪಟ್ಟಿಯ ಜೊತೆ ಪುಸ್ತಕಗಳ ಪಿಡಿಎಫ್ ಲಗತ್ತಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಕನ್ನಡದ ಪ್ರಕಾಶಕರಲ್ಲಿ ಹೆಚ್ಚಿನವರು ಸಣ್ಣವರು, ಸಾವಿರ ಪ್ರತಿ ಮಾರಲು ವರ್ಷಗಟ್ಟಲೆ ಕಾಯುವವರು. ಮೆಚ್ಚಿದ ಲೇಖಕರ ಪುಸ್ತಕ ಎಲ್ಲಿ ಸಿಗುತ್ತದೆ, ಮರುಮುದ್ರಣವಾಗಿದೆಯೇ ಎಂಬುದನ್ನು ತಿಳಿಸಿದರೆ ಅದೇ ದೊಡ್ಡ ಉಪಕಾರ.

ವಾದದ ಕ್ರಮ

ಇನ್ನೊಬ್ಬರ ಪಟ್ಟಿಯನ್ನು ಒಪ್ಪದಿರುವಾಗ ಮೊದಲು ಮಾಡಬೇಕಾದದ್ದು ಅವರ ಗಡಿಯನ್ನು ಓದುವುದು. ಅವರು 1980ರ ನಂತರದ ಕಾದಂಬರಿಗಳು ಎಂದು ಹೇಳಿದ್ದಾಗ ಅದಕ್ಕೆ ಹಿಂದಿನ ಕೃತಿಯನ್ನು ನೆನಪಿಸುವುದು ವಾದವಾಗುವುದಿಲ್ಲ. ಗಡಿಯೇ ಸರಿಯಿಲ್ಲವೆಂದು ನಿಮಗನ್ನಿಸಿದರೆ ಅದನ್ನು ನೇರವಾಗಿ ಹೇಳಿ.

ಎರಡನೆಯದಾಗಿ, ಗುಂಪಿನಲ್ಲಿ ಒಂದು ನಿಯಮವನ್ನು ಎಲ್ಲರೂ ಒಪ್ಪಿಕೊಳ್ಳುವುದು ಒಳಿತು: ಒಂದು ಕೃತಿ ಸೇರಬೇಕೆನ್ನುವವರು ಅದಕ್ಕಾಗಿ ಯಾವುದನ್ನು ತೆಗೆಯಬೇಕು ಎಂದೂ ಹೇಳಲೇಬೇಕು. ಸೇರಿಸಿ ಎನ್ನುವುದು ಸುಲಭ, ಅದಕ್ಕೆ ಬೆಲೆ ತೆರಬೇಕಾಗಿಲ್ಲ. ತೆಗೆಯುವ ಹೆಸರನ್ನು ಹೇಳಬೇಕಾದಾಗ ಪ್ರತಿಯೊಬ್ಬರೂ ಎರಡು ಕೃತಿಗಳನ್ನು ಎದುರಿಗಿಟ್ಟು ಯೋಚಿಸುತ್ತಾರೆ, ಮಾತು ತಾನಾಗಿಯೇ ಆ ಜೋಡಿಯ ಮೇಲೆ ನಿಲ್ಲುತ್ತದೆ. ಹತ್ತು ಕೃತಿಗಳ ಬಗ್ಗೆ ಒಟ್ಟಿಗೆ ವಾದಿಸಿ ಯಾರೂ ಯಾರನ್ನೂ ಒಪ್ಪಿಸಲಾರರು. ಒಂದು ಜೋಡಿಯ ಬಗ್ಗೆ ವಾದಿಸಿದರೆ ಒಪ್ಪದಿದ್ದರೂ ಎಲ್ಲಿ ಭಿನ್ನವಾಗಿದ್ದೇವೆ ಎಂಬುದಾದರೂ ತಿಳಿಯುತ್ತದೆ.

ಪರಿಶೀಲಿಸಿ ತೀರ್ಮಾನಿಸಬಹುದಾದ ಸಂಗತಿಯನ್ನೂ ರುಚಿಯನ್ನೂ ಬೆರೆಸಬೇಡಿ. ಹಾಡನ್ನು ಬರೆದವರು ಯಾರು, ಚಿತ್ರ ಯಾವ ವರ್ಷದ್ದು ಎಂಬುದು ಮೊದಲ ಬಗೆಯದು. ತಪ್ಪಿದ್ದರೆ ವಿನಯದಿಂದ ತಿಳಿಸಿ, ಪಟ್ಟಿ ಮಾಡಿದವರು ತಿದ್ದಿಕೊಂಡು ಧನ್ಯವಾದ ಹೇಳಲಿ, ಅಲ್ಲಿಗೆ ಮುಗಿಯಿತು. ವರ್ಷವೊಂದು ತಪ್ಪಿದೆ ಎಂಬ ಕಾರಣಕ್ಕೆ ಅವರ ತೀರ್ಪೇ ತಪ್ಪು ಎಂದು ಸಾಧಿಸಲು ಹೊರಡುವುದು ಅನ್ಯಾಯ.

ವ್ಯಕ್ತಿಯ ಕಡೆಗೆ ಮಾತು ತಿರುಗುವುದನ್ನು ತಡೆಯುವುದು ಎಲ್ಲರ ಹೊಣೆ. ‘ನಿಮ್ಮ ವಯಸ್ಸಿಗೆ ಇದೆಲ್ಲ ತಿಳಿಯುವುದಿಲ್ಲ’, ‘ನಿಮ್ಮ ಕಡೆಯವರು ಅವರನ್ನೇ ಹೊಗಳುವುದು’ ಎಂಬಂಥ ಮಾತುಗಳು ಊರು, ಜಾತಿ, ತಲೆಮಾರುಗಳ ಹಳೆಯ ಗಾಯಗಳನ್ನು ಕೆದಕುತ್ತವೆ. ಒಮ್ಮೆ ಅವು ಬಂದ ಮೇಲೆ ಯಾರೂ ಕೃತಿಯ ಬಗ್ಗೆ ಮಾತನಾಡುವುದಿಲ್ಲ. ನಟರ ಅಭಿಮಾನದ ವಿಷಯದಲ್ಲಂತೂ ಇದು ಬಲು ಬೇಗ ಆಗುತ್ತದೆ. ನೆಚ್ಚಿನ ನಟನ ಚಿತ್ರ ಏಳನೆಯ ಸ್ಥಾನಕ್ಕೆ ಬಂದಿದ್ದನ್ನು ನಟನಿಗಾದ ಅವಮಾನವೆಂದು ಬಗೆಯುವವರಿಗೆ, ಆ ನಟನ ಯಾವ ದೃಶ್ಯ ಚಿತ್ರವನ್ನು ಮೇಲೆತ್ತುತ್ತದೆ ಎಂದು ಕೇಳಿ. ಅಭಿಮಾನಿಗಳು ಆ ಚಿತ್ರಗಳನ್ನು ನಮಗಿಂತ ಹೆಚ್ಚು ಸಲ ನೋಡಿರುತ್ತಾರೆ, ಅವರಿಂದ ಬರುವ ಉತ್ತರ ಅನೇಕ ಸಲ ವಿಮರ್ಶಕರಿಗೂ ಹೊಳೆಯದಂಥದ್ದಾಗಿರುತ್ತದೆ.

ಕಾದಂಬರಿಗಳ ಪಟ್ಟಿಯಲ್ಲಿ ಹತ್ತಕ್ಕೆ ಹತ್ತೂ ಪುರುಷರದೇ ಆಗಿದ್ದಾಗ ಆ ಬಗ್ಗೆ ಆಕ್ಷೇಪ ಬರುತ್ತದೆ, ಬರಲೇಬೇಕು. ಇದನ್ನು ಆರೋಪವೆಂದು ತಿಳಿದು ಸಿಡಿಮಿಡಿಗೊಳ್ಳುವ ಬದಲು ಮೂವತ್ತರ ಕರಡನ್ನು ತೆಗೆದು ನೋಡಿ. ತ್ರಿವೇಣಿ, ಎಂ. ಕೆ. ಇಂದಿರಾ, ವೈದೇಹಿ ಅವರಲ್ಲಿ ಯಾರನ್ನು ಓದಿದ್ದೀರಿ, ಎಷ್ಟು ಓದಿದ್ದೀರಿ? ಓದಿ, ತೂಗಿ, ಬೇರೆಯವನ್ನು ಮೇಲಿಟ್ಟಿದ್ದರೆ ಕಾರಣ ಹೇಳಿ. ಓದಿಯೇ ಇಲ್ಲವಾದರೆ ಪಟ್ಟಿಯ ಗಡಿಯಲ್ಲಿ ಅದನ್ನು ಬರೆಯಿರಿ, ಕೇಳಿದವರಿಂದಲೇ ಮೊದಲು ಓದಬೇಕಾದ ಒಂದು ಕೃತಿಯ ಹೆಸರು ಪಡೆದುಕೊಳ್ಳಿ. ದಲಿತ ಸಾಹಿತ್ಯ, ಉತ್ತರ ಕರ್ನಾಟಕದ ಬರವಣಿಗೆ, ಹೊಸಬರ ಕಥೆಗಳು, ಇವುಗಳ ಬಗ್ಗೆ ಬರುವ ಪ್ರಶ್ನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎಲ್ಲರ ಪಟ್ಟಿಗಳನ್ನು ಒಂದಾಗಿಸುವುದು

ಗುಂಪಿನ ಎಲ್ಲರ ಪಟ್ಟಿ ಬಂದ ಮೇಲೆ ಅವುಗಳನ್ನು ಕೂಡಿಸಿ ‘ನಮ್ಮ ಹತ್ತು’ ಎಂದು ಮಾಡುವ ಆಸೆ ಸಹಜ. ಇಲ್ಲಿ ಎಣಿಕೆಯ ವಿಧಾನವೇ ಫಲಿತಾಂಶವನ್ನು ಬದಲಿಸಬಲ್ಲದು. ಐವರು ಸೇರಿ ಕ, ಖ, ಗ ಎಂಬ ಮೂರು ಕೃತಿಗಳಿಗೆ ಸ್ಥಾನ ಕೊಟ್ಟರು ಎನ್ನಿ. ಮೂವರ ಕ್ರಮ ಕ, ಖ, ಗ. ಇಬ್ಬರ ಕ್ರಮ ಖ, ಗ, ಕ. ಮೊದಲ ಸ್ಥಾನಗಳನ್ನಷ್ಟೇ ಎಣಿಸಿದರೆ ಮೂರು ಮತಗಳಿಂದ ‘ಕ’ ಗೆಲ್ಲುತ್ತದೆ. ಹದಿನೆಂಟನೆಯ ಶತಮಾನದ ಫ್ರಾನ್ಸಿನ ಗಣಿತಜ್ಞ ಬೋರ್ಡಾ ಅವರ ಹೆಸರಿನಲ್ಲಿರುವ ಪದ್ಧತಿಯಂತೆ ಮೊದಲನೆಯದಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಅಂಕ ಕೊಟ್ಟರೆ ‘ಕ’ಗೆ 11, ‘ಖ’ಗೆ 12 ಬಂದು ‘ಖ’ ಗೆಲ್ಲುತ್ತದೆ. ಕೆಲವರು ತುಂಬ ಪ್ರೀತಿಸುವ ಕೃತಿ ಮೇಲೆ ಬರಬೇಕೋ, ಯಾರಿಗೂ ಬೇಡವಾಗದ ಕೃತಿ ಮೇಲೆ ಬರಬೇಕೋ ಎಂಬುದನ್ನು ಗುಂಪು ಮೊದಲೇ ನಿರ್ಧರಿಸಿಕೊಳ್ಳಬೇಕು. ಪಟ್ಟಿಗಳು ಬಂದ ಮೇಲೆ ವಿಧಾನ ಆಯ್ದರೆ ತಮಗೆ ಬೇಕಾದ ಕೃತಿಯನ್ನು ಗೆಲ್ಲಿಸಿದರು ಎಂಬ ಅನುಮಾನ ತಪ್ಪದು.

ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುವ ಶ್ರೇಷ್ಠ ಚಿತ್ರಗಳ ಮತಗಣನೆಯಲ್ಲಿ ಮೂರನೆಯ ದಾರಿಯೊಂದಿದೆ. ಅಲ್ಲಿ ಮತದಾರರು ಹತ್ತು ಚಿತ್ರಗಳನ್ನು ಕೊಡುತ್ತಾರೆ, ಹತ್ತಕ್ಕೂ ಸಮಾನ ಮತ. ಆದ್ದರಿಂದ ಮೊದಲು ಬರುವುದು ಅತಿ ಹೆಚ್ಚು ಪಟ್ಟಿಗಳಲ್ಲಿ ಕಾಣಿಸಿಕೊಂಡ ಚಿತ್ರ. ಚಿಕ್ಕ ಗುಂಪುಗಳಿಗೆ ಈ ದಾರಿ ಅಷ್ಟು ಒಗ್ಗುವುದಿಲ್ಲ, ಹನ್ನೆರಡು ಜನರ ಪಟ್ಟಿಯಲ್ಲಿ ಎಷ್ಟೋ ಕೃತಿಗಳು ಸಮನಾಗಿಬಿಡುತ್ತವೆ. ಅವರಿಗೆ ಅಂಕದ ಪದ್ಧತಿಯೇ ವಾಸಿ. ಸರಾಸರಿ ತೆಗೆಯುವುದಾದರೆ ಕನಿಷ್ಠ ಇಷ್ಟು ಜನ ಓದಿರಬೇಕೆಂದು ಗೊತ್ತುಮಾಡಿ, ಇಲ್ಲವಾದರೆ ಒಬ್ಬರೇ ಓದಿ ಪೂರ್ಣಾಂಕ ಕೊಟ್ಟ ಪುಸ್ತಕ ತುದಿಗೇರುತ್ತದೆ. ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಕೃತಿಯ ಮುಂದೆ ಅದನ್ನು ಎಷ್ಟು ಜನ ಓದಿದ್ದಾರೆ ಎಂಬ ಸಂಖ್ಯೆ ಇರಲಿ, ಒಟ್ಟು ಪಟ್ಟಿಯ ಕೆಳಗೆ ಒಬ್ಬೊಬ್ಬರ ಪಟ್ಟಿಯೂ ಕಾರಣಗಳ ಸಮೇತ ಉಳಿದಿರಲಿ. ಒಟ್ಟು ಪಟ್ಟಿಯಲ್ಲಿ ಅಪರೂಪದ ಕೃತಿಗಳು ಕಳೆದುಹೋಗುತ್ತವೆ. ಒಬ್ಬರೇ ಮೆಚ್ಚಿ ಚೆನ್ನಾಗಿ ಕಾರಣ ಬರೆದ ಕೃತಿಯೇ ಹಲವು ಸಲ ಉಳಿದವರು ಓದಬೇಕಾದದ್ದು.

‘ಸೈಟ್ ಅಂಡ್ ಸೌಂಡ್’ನ ಅದೇ ಮತಗಣನೆಯಲ್ಲಿ 1952ರಲ್ಲಿ ‘ಬೈಸಿಕಲ್ ಥೀವ್ಸ್’ ಮೊದಲಿತ್ತು. 1962ರಿಂದ 2002ರವರೆಗೆ ಐದು ಸಲವೂ ‘ಸಿಟಿಜನ್ ಕೇನ್’, 2012ರಲ್ಲಿ ‘ವರ್ಟಿಗೊ’, 2022ರಲ್ಲಿ ಶಾಂಟಾಲ್ ಅಕರ್‌ಮನ್ ಅವರ 1975ರ ಚಿತ್ರ ‘ಜಾನ್ ಡೀಲ್ಮನ್’ ಮೊದಲು ಬಂದವು. ಅಷ್ಟೊಂದು ತಜ್ಞರ ತೀರ್ಪೇ ಹೀಗೆ ಬದಲಾಗುವಾಗ ನಿಮ್ಮದು ಬದಲಾಗದಿದ್ದರೆ ನೀವು ಹೊಸದನ್ನು ಓದುತ್ತಿಲ್ಲ, ನೋಡುತ್ತಿಲ್ಲ ಎಂದೇ ಅರ್ಥ. ಪಟ್ಟಿಯ ತಲೆಯಲ್ಲಿ ದಿನಾಂಕ ಬರೆಯಿರಿ. ವರ್ಷಕ್ಕೊಮ್ಮೆ, ಅದೇ ಗಡಿ ಇಟ್ಟುಕೊಂಡು, ಹಳೆಯ ಪಟ್ಟಿಯನ್ನು ನೋಡದೆ ಹೊಸದಾಗಿ ಕಟ್ಟಿ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಒಳಗೆ ಬಂದದ್ದು ಯಾವುದು, ಹೊರಗೆ ಹೋದದ್ದು ಯಾವುದು, ಯಾರ ಮಾತಿನಿಂದ ಯಾವ ಕೃತಿಯನ್ನು ಮತ್ತೆ ಓದಿದಿರಿ ಎಂಬುದನ್ನು ಹೊಸ ಪಟ್ಟಿಯ ಕೆಳಗೆ ಬರೆದು ಗುಂಪಿಗೆ ಕಳಿಸಿ, ಹಳೆಯದನ್ನು ಅಳಿಸಬೇಡಿ.